ಯಾವ ಬೀದಿಗೆ ಫೈಬರ್? ಅಮೆರಿಕದ ಒಂದು ಆಯ್ಕೆಯ ಚರಿತ್ರೆ

ಒಂದು ಬೀದಿಗೆ ಫೈಬರ್ ಎಳೆಯುವ ಖರ್ಚಿನ ಬಹುಪಾಲು ಮೊದಲ ಗಿರಾಕಿ ಸಿಗುವುದಕ್ಕೆ ಮುಂಚೆಯೇ ಆಗಿಹೋಗಿರುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆಗೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ದುಡ್ಡು ಹೋಗುವುದು ರಸ್ತೆ ಅಗೆಯುವ ಕೂಲಿಗೆ, ಕಂಬದ ಬಾಡಿಗೆಗೆ, ಪರವಾನಗಿಗೆ, ನಕ್ಷೆ ಮಾಡುವ ಎಂಜಿನಿಯರುಗಳಿಗೆ. ನೂರು ಮನೆಗಳ ಬೀದಿಯಲ್ಲಿ ಅರವತ್ತು ಮನೆಯವರು ಚಂದಾದಾರರಾದರೂ ಆ ಅಗೆತಕ್ಕೆ ಅಷ್ಟೇ ಖರ್ಚು, ಆರು ಮನೆಯವರಾದರೂ ಅಷ್ಟೇ ಖರ್ಚು. ಆದ್ದರಿಂದ ಟೆಲಿಕಾಂ ಕಂಪನಿಗಳು ಎರಡು ಅಂಕಿಗಳ ಮೇಲೆ ಕಣ್ಣಿಟ್ಟಿರುತ್ತವೆ. ತಂತಿ ಎಷ್ಟು ಮನೆಗಳ ಮುಂದೆ ಹಾದುಹೋಗುತ್ತದೆ ಎಂಬುದು ಒಂದು, ಅವುಗಳಲ್ಲಿ ಎಷ್ಟು ಮನೆಗಳು ಸಂಪರ್ಕ ಪಡೆಯುತ್ತವೆ ಎಂಬುದು ಇನ್ನೊಂದು. ಮನೆಗಳು ಒತ್ತೊತ್ತಾಗಿದ್ದರೆ ಮೊದಲ ಅಂಕಿ ಅಗ್ಗವಾಗುತ್ತದೆ. ಇರುವ ಕಂಬಗಳ ಮೇಲೆ ತಂತಿ ಎಳೆಯಬಹುದಾದರೆ ಇನ್ನೂ ಅಗ್ಗ, ಬಂಡೆ ಒಡೆದು ನೆಲದಡಿ ಹಾಕಬೇಕಾದರೆ ದುಬಾರಿ. ಎರಡನೆಯ ಅಂಕಿ ಅಂದಾಜಿನದು, ಮತ್ತು ಆ ಅಂದಾಜಿಗೆ ಬಳಸುವ ಆಧಾರವೆಂದರೆ ಹೆಚ್ಚಾಗಿ ಬಡಾವಣೆಯ ವರಮಾನ.

ಈ ಲೆಕ್ಕ ಹಾಕಿ ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದೆ. ಪ್ರಶ್ನೆ ಫೈಬರಿಗಿಂತ ಬಹಳ ಹಳೆಯದು. ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಮುಖ್ಯ ಪೇಟೆಂಟುಗಳ ಅವಧಿ 1893–94ರಲ್ಲಿ ಮುಗಿಯಿತು. ಅಲ್ಲಿಯವರೆಗೆ ಬೆಲ್ ಕಂಪನಿ ನೆಚ್ಚಿಕೊಂಡಿದ್ದು ಪಟ್ಟಣಗಳ ವ್ಯಾಪಾರಿಗಳನ್ನು, ವಕೀಲರನ್ನು, ವೈದ್ಯರನ್ನು. ಹಳ್ಳಿಗಳ ಗೋಜಿಗೆ ಅದು ಹೆಚ್ಚಾಗಿ ಹೋಗಲಿಲ್ಲ. ಪೇಟೆಂಟ್ ಮುಗಿದದ್ದೇ ತಡ, ಸಾವಿರಾರು ಸಣ್ಣ ಕಂಪನಿಗಳೂ ರೈತರ ಸಹಕಾರಿ ಮಂಡಳಿಗಳೂ ತಲೆಯೆತ್ತಿದವು. ದೊಡ್ಡ ಹುಲ್ಲುಗಾವಲುಗಳ ಸೀಮೆಯಲ್ಲಿ ಕೆಲವರು ಹೊಲದ ಮುಳ್ಳುತಂತಿ ಬೇಲಿಯನ್ನೇ ಟೆಲಿಫೋನ್ ತಂತಿಯಾಗಿ ಬಳಸಿಕೊಂಡರು. ಸ್ಪರ್ಧೆಯಿಂದ ಸೇವೆ ಹರಡಿತು ನಿಜ, ಆದರೆ ಒಂದೇ ಊರಿನಲ್ಲಿ ಎರಡು ಕಂಪನಿಗಳಿದ್ದು ಒಂದರ ಗಿರಾಕಿ ಇನ್ನೊಂದರ ಗಿರಾಕಿಗೆ ಫೋನ್ ಮಾಡಲಾಗದ ಫಜೀತಿಯೂ ಜೊತೆಗೇ ಬಂತು.

1907ರಲ್ಲಿ ಎಟಿ ಅಂಡ್ ಟಿ ಅಧ್ಯಕ್ಷನಾಗಿ ಮರಳಿದ ಥಿಯೊಡೋರ್ ವೇಲ್ ಇದಕ್ಕೆ ಒಂದು ಪರಿಹಾರ ಮುಂದಿಟ್ಟ. ಇಡೀ ದೇಶಕ್ಕೆ ಒಂದೇ ಜಾಲ, ಆ ಜಾಲದಲ್ಲಿ ಎಲ್ಲರಿಗೂ ಸೇವೆ, ಮೇಲೆ ಸರ್ಕಾರದ ನಿಯಂತ್ರಣ. 1913ರ ಕಿಂಗ್ಸ್‌ಬರಿ ಒಪ್ಪಂದದಲ್ಲಿ ಕಂಪನಿ ಸ್ವತಂತ್ರ ಕಂಪನಿಗಳಿಗೆ ತನ್ನ ದೂರದ ಕರೆಗಳ ಜಾಲವನ್ನು ತೆರೆಯಲು ಒಪ್ಪಿಕೊಂಡು ಸರ್ಕಾರದ ಮೊಕದ್ದಮೆಯಿಂದ ಪಾರಾಯಿತು. 1934ರ ಸಂವಹನ ಕಾಯ್ದೆ ಅಮೆರಿಕದ ಎಲ್ಲ ಜನರಿಗೂ ನ್ಯಾಯವಾದ ದರದಲ್ಲಿ ಸೇವೆ ಸಿಗಬೇಕೆಂಬುದನ್ನು ಗುರಿಯಾಗಿ ಬರೆದಿಟ್ಟಿತು. ಏಕಸ್ವಾಮ್ಯದ ದಿನಗಳಲ್ಲಿ ದೂರದ ಕರೆಗಳ, ವ್ಯಾಪಾರಿ ಸಂಪರ್ಕಗಳ ಲಾಭದಿಂದ ಸ್ಥಳೀಯ ಮನೆ ಫೋನಿನ ದರವನ್ನು ತಗ್ಗಿಸಿಟ್ಟಿದ್ದರು. ಇಂಥ ವ್ಯವಸ್ಥೆಯಲ್ಲಿ ಬೀದಿ ಬೀದಿಯ ಲಾಭನಷ್ಟ ನೋಡಬೇಕಾದ ಪ್ರಸಂಗ ಕಂಪನಿಗೆ ಬರುತ್ತಿರಲಿಲ್ಲ. ನಿಯಂತ್ರಕರು ಒಪ್ಪಿದ ಲಾಭ ಒಟ್ಟು ಬಂಡವಾಳದ ಮೇಲೆ ಸಿಗುತ್ತಿತ್ತು. ಇನ್ನೊಂದು ಬೀದಿಗೆ ತಂತಿ ಎಳೆದರೆ ಬಂಡವಾಳವೂ ಅಷ್ಟು ಹೆಚ್ಚು. ಹಾಗಿದ್ದೂ ಹಳ್ಳಿಗಾಡು ಹಿಂದೆಯೇ ಉಳಿಯಿತು. 1949ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತಕ್ಕೆ ಟೆಲಿಫೋನಿಗೂ ಸಾಲ ಕೊಡುವ ಅಧಿಕಾರ ಸಿಕ್ಕ ಮೇಲೆಯೇ ಅಲ್ಲಿನ ಸಹಕಾರಿ ಸಂಘಗಳು ಚೇತರಿಸಿಕೊಂಡದ್ದು.

ಕೇಬಲ್ ಟಿವಿ ಬಂದಾಗ ತೀರ್ಮಾನ ನಗರಸಭೆಗಳ ಅಂಗಳಕ್ಕೆ ಬಂತು. 1948ರ ಸುಮಾರಿಗೆ ಪೆನ್ಸಿಲ್ವೇನಿಯ, ಆರೆಗಾನ್, ಅರ್ಕಾನ್ಸಾಗಳ ಗುಡ್ಡದ ಮರೆಯ ಊರುಗಳಲ್ಲಿ ಎತ್ತರದ ಒಂದು ಆಂಟೆನಾದಿಂದ ಮನೆಮನೆಗೆ ತಂತಿ ಎಳೆದದ್ದು ಇದರ ಆರಂಭ. 1970ರ ದಶಕದ ಕೊನೆಗೆ ದೊಡ್ಡ ನಗರಗಳಿಗೂ ಕೇಬಲ್ ಬೇಕಾಯಿತು. ಊರಿನ ರಸ್ತೆಯಡಿ ತಂತಿ ಹಾಕಬೇಕಾದರೆ ಊರಿನ ಒಪ್ಪಿಗೆ ಬೇಕು, ಆ ಒಪ್ಪಿಗೆಯೇ ಫ್ರ್ಯಾಂಚೈಸ್. ನಗರಸಭೆಗಳು ಚೌಕಾಸಿಗೆ ಕುಳಿತವು. ಆದಾಯದಲ್ಲಿ ಪಾಲು, ಸ್ಥಳೀಯ ಕಾರ್ಯಕ್ರಮಗಳಿಗೆ ಒಂದು ಚಾನೆಲ್, ಶಾಲೆಗಳಿಗೆ ಉಚಿತ ಸಂಪರ್ಕ ಇವೆಲ್ಲ ಕರಾರಿನಲ್ಲಿ ಬಂದವು. ಎಲ್ಲಕ್ಕಿಂತ ಮುಖ್ಯವಾದ ಷರತ್ತೆಂದರೆ, ಗೊತ್ತಾದ ವರ್ಷಗಳೊಳಗೆ ಊರಿನ ಎಲ್ಲ ಬಡಾವಣೆಗಳಿಗೂ ತಂತಿ ಮುಟ್ಟಿಸಬೇಕು. 1984ರ ಕೇಬಲ್ ಕಾಯ್ದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಒಂದು ಪ್ರದೇಶದ ಜನರ ವರಮಾನ ಕಡಿಮೆಯೆಂಬ ಕಾರಣಕ್ಕೆ ಅವರಿಗೆ ಕೇಬಲ್ ನಿರಾಕರಿಸದಂತೆ ನೋಡಿಕೊಳ್ಳುವುದು ಫ್ರ್ಯಾಂಚೈಸ್ ಕೊಡುವ ಆಡಳಿತದ ಹೊಣೆ ಎಂದು ಅದರಲ್ಲಿದೆ. ಭಾರತದಲ್ಲಾದರೆ 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆಯಡಿ ಆಪರೇಟರ್ 2025ರ ಆರಂಭದವರೆಗೆ ಹೆಸರು ನೋಂದಾಯಿಸಬೇಕಿದ್ದದ್ದು ಪ್ರಧಾನ ಅಂಚೆ ಕಚೇರಿಯಲ್ಲಿ. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಪಾಲಿಕೆ ಕೇಬಲಿನವರ ಎದುರು ಕುಳಿತು ಇಂಥ ಚೌಕಾಸಿ ಮಾಡುವ ಪರಿಪಾಠವೇ ಬೆಳೆಯಲಿಲ್ಲ.

1984ರ ಜನವರಿ 1ರಂದು ಎಟಿ ಅಂಡ್ ಟಿ ಒಡೆದು ಸ್ಥಳೀಯ ಸೇವೆ ಏಳು ಪ್ರಾದೇಶಿಕ ಕಂಪನಿಗಳ ಪಾಲಾಯಿತು. ಹತ್ತು ವರ್ಷದ ಬಳಿಕ ಈ ಕಂಪನಿಗಳು ಟೆಲಿಫೋನ್ ತಂತಿಯ ಜಾಡಿನಲ್ಲೇ ವಿಡಿಯೊ ಕಳಿಸುವ ಯೋಜನೆ ಹೂಡಿ, ಯಾವ ಪ್ರದೇಶಗಳಲ್ಲಿ ಆರಂಭಿಸುತ್ತೇವೆಂಬ ಅರ್ಜಿಗಳನ್ನು ಫೆಡರಲ್ ಸಂವಹನ ಆಯೋಗಕ್ಕೆ, ಅಂದರೆ ಎಫ್‌ಸಿಸಿಗೆ, ಸಲ್ಲಿಸಿದವು. 1994ರ ಮೇ ತಿಂಗಳಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ, ಗ್ರಾಹಕರ ಒಕ್ಕೂಟ ಮತ್ತು ಇತರ ಕೆಲವು ಸಂಸ್ಥೆಗಳು ಆ ಅರ್ಜಿಗಳ ಪ್ರದೇಶಗಳನ್ನು ಜನಗಣತಿಯ ಅಂಕಿಗಳ ಜೊತೆ ಹೋಲಿಸಿ ನೋಡಿದವು. ನಾಲ್ಕು ಕಂಪನಿಗಳ ಯೋಜನೆಗಳಲ್ಲಿ ಬಡವರ ಮತ್ತು ಅಲ್ಪಸಂಖ್ಯಾತರ ಬಡಾವಣೆಗಳು ಬಿಟ್ಟುಹೋಗಿವೆ ಎಂದು ಆಯೋಗಕ್ಕೆ ದೂರು ಕೊಟ್ಟವು. ಕಂಪನಿಗಳು ಇದನ್ನು ಅಲ್ಲಗಳೆದವು. ಇವು ಮೊದಲ ಹಂತದ ನಕ್ಷೆಗಳಷ್ಟೇ, ಮುಂದಿನ ಹಂತದಲ್ಲಿ ಎಲ್ಲರೂ ಬರುತ್ತಾರೆ ಎಂಬುದು ಅವರ ವಾದ. ಆ ಯೋಜನೆಗಳು ಹೆಚ್ಚು ದೂರ ಸಾಗದೆ ನಿಂತುಹೋದ್ದರಿಂದ ಮುಂದಿನ ಹಂತ ಹೇಗಿರುತ್ತಿತ್ತೆಂಬುದು ತಿಳಿಯಲೇ ಇಲ್ಲ. 1996ರ ಟೆಲಿಕಾಂ ಕಾಯ್ದೆಯಲ್ಲಿ ಮಾತ್ರ ಜನಾಂಗ, ಬಣ್ಣ, ಧರ್ಮ, ಮೂಲದೇಶ, ಲಿಂಗಗಳ ಆಧಾರದ ಮೇಲೆ ಭೇದ ಮಾಡದೆ ಎಂಬ ಮಾತು 1934ರ ಕಾಯ್ದೆಯ ಗುರಿಗೆ ಸೇರಿಕೊಂಡಿತು. ವರಮಾನದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಮನೆಬಾಗಿಲಿಗೆ ಫೈಬರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 2004ರಲ್ಲಿ. ವೆರೈಝನ್ ಕಂಪನಿ ಟೆಕ್ಸಸ್‌ನ ಕೆಲರ್ ಎಂಬ ಉಪನಗರದಲ್ಲಿ ಫಿಯೋಸ್ ಹೆಸರಿನ ಸೇವೆ ತೆರೆಯಿತು. ಒಂದು ಮನೆಯ ಮುಂದೆ ತಂತಿ ಹಾಯಿಸಲು ಆರಂಭದಲ್ಲಿ 1,400 ಡಾಲರಿನಷ್ಟಾಗುತ್ತಿದ್ದ ಖರ್ಚು 2006ರ ಹೊತ್ತಿಗೆ 900 ಡಾಲರಿನ ಒಳಗೆ ಬಂತು. ಮನೆಯೊಳಗೆ ಸಂಪರ್ಕ ಕೊಡುವ ಖರ್ಚು ಇದರ ಮೇಲೆ. 2010ರವರೆಗೆ ಕಂಪನಿ ಸುಮಾರು 2,300 ಕೋಟಿ ಡಾಲರ್ ಹೂಡಿ ಒಂದು ಕೋಟಿ ಎಂಬತ್ತು ಲಕ್ಷ ಮನೆಗಳನ್ನು ಮುಟ್ಟುವ ಗುರಿ ಇಟ್ಟುಕೊಂಡು, ಆಮೇಲೆ ಹೊಸ ಊರುಗಳ ಕಡೆ ತಿರುಗಿ ನೋಡುವುದನ್ನು ನಿಲ್ಲಿಸಿತು. ಒಂಟಿ ಮನೆಗಳೂ ಕಂಬಗಳೂ ಇರುವ, ವರಮಾನ ಚೆನ್ನಾಗಿರುವ ಉಪನಗರಗಳು ಮೊದಲು ಬಂದವು. ಬಾಸ್ಟನ್ ಸುತ್ತಲಿನ ಉಪನಗರಗಳಿಗೆ ಫಿಯೋಸ್ ಬಂದರೂ ಬಾಸ್ಟನ್ ನಗರಕ್ಕೆ ಬರಲಿಲ್ಲ. ಆ ನಗರ ಕಂಪನಿಯ ಘೋಷಣೆಗಾಗಿ 2016ರವರೆಗೆ ಕಾಯಬೇಕಾಯಿತು. ಬಾಲ್ಟಿಮೋರ್ ಮತ್ತು ಬಫಲೋ ನಗರಗಳ ಕಥೆಯೂ ಹೆಚ್ಚುಕಡಿಮೆ ಹಾಗೆಯೇ ಶುರುವಾಯಿತು.

ಎಸ್‌ಬಿಸಿ ಕಂಪನಿ ತನ್ನ ಲೆಕ್ಕವನ್ನು ಇನ್ನೂ ಬಿಚ್ಚುಮನಸ್ಸಿನಿಂದ ಹೇಳಿತು. 2005ರಲ್ಲಿ ಎಟಿ ಅಂಡ್ ಟಿಯನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡ ಈ ಕಂಪನಿ 2004ರಲ್ಲಿ ಲೈಟ್‌ಸ್ಪೀಡ್ ಎಂಬ ಯೋಜನೆಯನ್ನು ಹೂಡಿಕೆದಾರರ ಮುಂದಿಟ್ಟಿತು. ಬಡಾವಣೆಯ ಮೂಲೆಯ ಪೆಟ್ಟಿಗೆಯವರೆಗೆ ಫೈಬರ್, ಅಲ್ಲಿಂದ ಮನೆಗೆ ಹಳೆಯ ತಾಮ್ರದ ತಂತಿ ಎಂಬುದು ಯೋಜನೆಯ ಸಾರ. ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ಮೇಲೆ ಗಿರಾಕಿಗಳನ್ನು ಮೂರು ದರ್ಜೆ ಮಾಡಿದ್ದರು. ಹೆಚ್ಚು ಬೆಲೆಯ ಗಿರಾಕಿಗಳಲ್ಲಿ ಶೇ. 90 ಮಂದಿಗೆ, ನಡುವಿನವರಲ್ಲಿ ಶೇ. 70 ಮಂದಿಗೆ, ಕಡಿಮೆ ಬೆಲೆಯವರಲ್ಲಿ ಶೇ. 5ಕ್ಕಿಂತ ಕಡಿಮೆ ಮಂದಿಗೆ ಈ ಸೇವೆ ಎಂದು ಆ ಪ್ರಾತ್ಯಕ್ಷಿಕೆಯಲ್ಲಿ ಬರೆದಿತ್ತು. ಹೂಡಿಕೆದಾರರಿಗೆ ಇದು ಭರವಸೆಯ ಮಾತು. ಅದೇ ಅಂಕಿಗಳು ಪತ್ರಿಕೆಗಳಿಗೆ ಸಿಕ್ಕಾಗ ಕಂಪನಿ ವಿವರಣೆ ಕೊಡಬೇಕಾಗಿ ಬಂತು.

ಊರೂರಿನ ನಗರಸಭೆಯ ಜೊತೆ ಬೇರೆ ಬೇರೆ ಫ್ರ್ಯಾಂಚೈಸ್ ಮಾತಾಡುವುದು ಈ ಎರಡೂ ಕಂಪನಿಗಳಿಗೆ ತಲೆನೋವಾಗಿತ್ತು. ಇಡೀ ಊರಿಗೆ ತಂತಿ ಎಳೆಯಬೇಕೆಂಬ ಷರತ್ತು ಕೇಬಲ್ ಕಂಪನಿಗಳಿಗೆ ಏಕಸ್ವಾಮ್ಯ ಇದ್ದಾಗ ಹಾಕಿದ್ದು, ಎರಡನೆಯವರಾಗಿ ಬರುವ ತಮಗೆ ಅದೇ ಷರತ್ತು ಹಾಕಿದರೆ ಸ್ಪರ್ಧೆಯೇ ಹುಟ್ಟುವುದಿಲ್ಲ ಎಂದು ಅವು ವಾದಿಸಿದವು. ವಾದದಲ್ಲಿ ಹುರುಳಿಲ್ಲದಿರಲಿಲ್ಲ: ಮೊದಲು ಬಂದವನಿಗೆ ನೂರಕ್ಕೆ ಅರವತ್ತು ಮನೆ ಸಿಕ್ಕರೆ ಎರಡನೆಯವನಿಗೆ ಸಿಗುವುದು ಮೂವತ್ತು. 2005ರಲ್ಲಿ ಟೆಕ್ಸಸ್ ಶಾಸನಸಭೆ ಊರಿನ ಫ್ರ್ಯಾಂಚೈಸಿನ ಬದಲು ರಾಜ್ಯದಿಂದಲೇ ಒಂದು ಪರವಾನಗಿ ಕೊಡುವ ಕಾನೂನು ಮಾಡಿತು. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಕ್ಯಾಲಿಫೋರ್ನಿಯಾ ಸೇರಿ ಅನೇಕ ರಾಜ್ಯಗಳು ಅದೇ ಹಾದಿ ಹಿಡಿದವು. ಕಾನ್ಸಸ್ 2006ರಲ್ಲಿ, ಮಿಸ್ಸೂರಿ 2007ರಲ್ಲಿ. ಬಡವರನ್ನು ಬಿಡಬಾರದೆಂಬ ಮಾತು ಈ ಕಾನೂನುಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಉಳಿಯಿತು. ಆದರೆ ಇಡೀ ಊರನ್ನು ಮುಟ್ಟಬೇಕೆಂದು ಪಟ್ಟು ಹಿಡಿಯುವ ಶಕ್ತಿ ನಗರಸಭೆಗಳ ಕೈಯಿಂದ ಜಾರಿತು.

ಪಟ್ಟು ಹಿಡಿದ ಊರೂ ಒಂದಿತ್ತು. ನ್ಯೂಯಾರ್ಕ್ ನಗರ 2008ರಲ್ಲಿ ವೆರೈಝನ್‌ಗೆ ಫ್ರ್ಯಾಂಚೈಸ್ ಕೊಡುವಾಗ 2014ರ ಜೂನ್ 30ರೊಳಗೆ ಐದೂ ಬರೋಗಳ ಎಲ್ಲ ಮನೆಗಳನ್ನೂ ಫೈಬರ್ ಹಾಯಬೇಕೆಂದು ಬರೆಸಿಕೊಂಡಿತು. ಗಡುವು ಮುಗಿದಾಗ ಎಲ್ಲವನ್ನೂ ಹಾಯ್ದಾಗಿದೆ ಎಂದು ಕಂಪನಿ ಹೇಳಿತು. 2015ರ ಜೂನ್‌ನಲ್ಲಿ ಬಂದ ನಗರದ ಆಡಿಟ್ ಹಾಗಿಲ್ಲ ಎಂದಿತು. ಜಗಳವಿದ್ದದ್ದು ಕಟ್ಟಡದ ಕೊನೆಯ ಕೆಲವು ಅಡಿಗಳಲ್ಲಿ. ನ್ಯೂಯಾರ್ಕಿನ ಒಂದು ಸಾಲಿನಲ್ಲಿ ಹತ್ತು ಕಟ್ಟಡಗಳು ಗೋಡೆಗೆ ಗೋಡೆ ತಾಗಿಸಿ ನಿಂತಿರುತ್ತವೆ, ಹಳೆಯ ತಾಮ್ರದ ತಂತಿ ಹಿತ್ತಲಿನಿಂದ ಹಿತ್ತಲಿಗೆ ದಾಟುತ್ತ ಬಂದಿರುತ್ತದೆ. ಹೊಸ ತಂತಿಯೂ ಹಾಗೆಯೇ ಬರಬೇಕಾದರೆ ನಡುವಿನ ಕಟ್ಟಡದ ಮಾಲೀಕ ಬಾಗಿಲು ತೆರೆಯಬೇಕು. ಅವನು ಒಲ್ಲೆನೆಂದರೆ ಆಚೆಯವರಿಗೆ ಸಂಪರ್ಕವಿಲ್ಲ. ಬೀದಿಯ ಕೊನೆಯವರೆಗೆ ಫೈಬರ್ ಬಂದಿದ್ದರೆ ಒಪ್ಪಂದದ ಮಟ್ಟಿಗೆ ತನ್ನ ಕೆಲಸ ಮುಗಿಯಿತು, ಮಾಲೀಕರ ತಂಟೆ ತನ್ನ ತಪ್ಪಲ್ಲ ಎಂಬುದು ಕಂಪನಿಯ ನಿಲುವು. ಸಂಪರ್ಕ ಕೇಳಿದವರಿಗೆ ಕೊಡಲಾಗದಿದ್ದರೆ ಹಾಯ್ದದ್ದು ಹೇಗೆ ಎಂಬುದು ನಗರದ ಪ್ರಶ್ನೆ. 2017ರ ಮಾರ್ಚ್‌ನಲ್ಲಿ ನಗರ ಕೋರ್ಟಿಗೆ ಹೋಯಿತು. 2020ರ ನವೆಂಬರ್‌ನಲ್ಲಿ ರಾಜಿಯಾಗಿ, ಇನ್ನೂ 5 ಲಕ್ಷ ಮನೆಗಳಿಗೆ 2023ರ ಜುಲೈ ಒಳಗೆ ಫೈಬರ್ ಕೊಡಲು ಕಂಪನಿ ಒಪ್ಪಿತು. ಕರಾರು ಬರೆಸಿಕೊಂಡರೆ ಸಾಲದು ಎಂದು ಈ ಪ್ರಕರಣವನ್ನು ಉದಾಹರಿಸುವವರಿದ್ದಾರೆ. ಕರಾರು ಇಲ್ಲದಿದ್ದರೆ ಆ 5 ಲಕ್ಷ ಮನೆಗಳ ಪರವಾಗಿ ಕೋರ್ಟಿಗೆ ಹೋಗುವ ದಾರಿಯೂ ಇರುತ್ತಿರಲಿಲ್ಲ ಎಂಬುದನ್ನೂ ಅವರು ಗಮನಿಸಬೇಕು.

2010ರ ಫೆಬ್ರವರಿ 10ರಂದು ಗೂಗಲ್ ಈ ಆಟದ ನಿಯಮವನ್ನೇ ತಿರುಗಿಸಿತು. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ, ಅಂದಿನ ಸಾಮಾನ್ಯ ಸಂಪರ್ಕಕ್ಕಿಂತ ನೂರು ಪಟ್ಟು ವೇಗದ, ಜಾಲವನ್ನು ಪ್ರಯೋಗಕ್ಕಾಗಿ ಕಟ್ಟುತ್ತೇವೆ, ಬೇಕಾದ ಊರುಗಳು ಅರ್ಜಿ ಹಾಕಿಕೊಳ್ಳಿ ಎಂದಿತು. ಅಲ್ಲಿಯವರೆಗೆ ಕಂಪನಿ ಊರಿನ ಬಾಗಿಲು ತಟ್ಟುತ್ತಿತ್ತು, ಈಗ ಊರುಗಳು ಕಂಪನಿಯ ಬಾಗಿಲಿಗೆ ಬಂದವು. ಸುಮಾರು 1,100 ಊರುಗಳು ಅರ್ಜಿ ಹಾಕಿದವು. ಕಾನ್ಸಸ್ ರಾಜ್ಯದ ರಾಜಧಾನಿ ಟೊಪೀಕಾ ಮಾರ್ಚ್ ತಿಂಗಳಿಡೀ ತನ್ನ ಹೆಸರನ್ನು ಗೂಗಲ್ ಎಂದು ಬದಲಿಸಿಕೊಂಡಿತು. ಏಪ್ರಿಲ್ 1ರಂದು ಗೂಗಲ್ ತನ್ನ ಮುಖಪುಟದಲ್ಲಿ ಟೊಪೀಕಾ ಎಂದು ಬರೆದುಕೊಂಡು ತಮಾಷೆಯ ಋಣ ತೀರಿಸಿತು. ಮಿನ್ನೆಸೋಟದ ಡುಲೂತ್ ನಗರದ ಮೇಯರ್ ಸುಪೀರಿಯರ್ ಸರೋವರದ ಕೊರೆಯುವ ನೀರಿಗೆ ಹಾರಿ ಊರಿನ ಉತ್ಸಾಹ ತೋರಿಸಿದ. 2011ರ ಮಾರ್ಚ್ 30ರಂದು ಕಾನ್ಸಸ್ ರಾಜ್ಯದ ಕಾನ್ಸಸ್ ಸಿಟಿಯ ಹೆಸರು ಹೊರಬಿತ್ತು. ಮೇ ತಿಂಗಳಲ್ಲಿ ನದಿಯಾಚೆಯ, ಮಿಸ್ಸೂರಿ ರಾಜ್ಯಕ್ಕೆ ಸೇರಿದ ಅದೇ ಹೆಸರಿನ ದೊಡ್ಡ ನಗರವೂ ಸೇರಿಕೊಂಡಿತು. ಪರವಾನಗಿಗಳನ್ನು ಬೇಗ ಕೊಡುವುದು, ಶುಲ್ಕ ಬಿಡುವುದು, ಉಪಕರಣಗಳಿಗೆ ಜಾಗ ಒದಗಿಸುವುದು ಇವು ನಗರಗಳ ಕಡೆಯ ಕೊಡುಗೆ. ಇಷ್ಟಾದರೂ ಕೆಲಸ ತಡವಾಯಿತು, ವಿದ್ಯುತ್ ಕಂಬದ ಮೇಲೆ ಗೂಗಲ್‌ನ ತಂತಿ ಯಾವ ಎತ್ತರದಲ್ಲಿ ಇರಬೇಕೆಂಬ ಚರ್ಚೆಯಲ್ಲಿ ತಿಂಗಳುಗಳು ಕಳೆದವು. ಇಡೀ ನಗರವನ್ನು ಮುಟ್ಟಬೇಕೆಂಬ ಷರತ್ತನ್ನು ಎರಡೂ ನಗರಗಳು ಹಾಕಲಿಲ್ಲ.

2012ರ ಜುಲೈ 26ರಂದು ಗೂಗಲ್ ಎರಡೂ ನಗರಗಳನ್ನು 202 ತುಂಡುಗಳಾಗಿ ಕತ್ತರಿಸಿದ ನಕ್ಷೆಯನ್ನು ಅಂತರ್ಜಾಲದಲ್ಲಿ ಹಾಕಿತು. ಒಂದೊಂದು ತುಂಡೂ ಒಂದು ‘ಫೈಬರ್‌ಹುಡ್’. ಬೇಕೆಂದವರು 10 ಡಾಲರ್ ಕಟ್ಟಿ ಮುಂಗಡ ಹೆಸರು ಬರೆಸಬೇಕು. ಬಡಾವಣೆಯ ದಟ್ಟಣೆ, ಕಾಮಗಾರಿಯ ಕಷ್ಟ ನೋಡಿಕೊಂಡು ಮನೆಗಳಲ್ಲಿ ಶೇ. 5ರಿಂದ 25ರವರೆಗೆ ಒಂದು ಗುರಿ ಗೊತ್ತುಮಾಡಿದ್ದರು. ಸೆಪ್ಟೆಂಬರ್ 9ರೊಳಗೆ ಗುರಿ ಮುಟ್ಟಿದ ಬಡಾವಣೆಗೆ ಮಾತ್ರ ತಂತಿ. ಮುಟ್ಟದಿದ್ದರೆ ಅಲ್ಲಿನ ಶಾಲೆ, ಗ್ರಂಥಾಲಯಗಳಿಗೆ ಸಿಗಬೇಕಿದ್ದ ಉಚಿತ ಸಂಪರ್ಕವೂ ಇಲ್ಲ. ಗಿಗಾಬಿಟ್ ಸಂಪರ್ಕಕ್ಕೆ ತಿಂಗಳಿಗೆ 70 ಡಾಲರ್, ಟಿವಿಯೂ ಸೇರಿ 120. ಮೂರನೆಯ ಆಯ್ಕೆಯಲ್ಲಿ 300 ಡಾಲರ್ ಕಾಮಗಾರಿ ಶುಲ್ಕವನ್ನು ಒಮ್ಮೆಗೇ, ಇಲ್ಲವೆ ತಿಂಗಳಿಗೆ 25 ಡಾಲರಿನಂತೆ ಒಂದು ವರ್ಷ ಕಟ್ಟಿದರೆ ಸಾಧಾರಣ ವೇಗದ ಸಂಪರ್ಕ ಏಳು ವರ್ಷ ಉಚಿತ.

ಕಂಪನಿಯ ದೃಷ್ಟಿಯಿಂದ ಇದು ಜಾಣ ಏರ್ಪಾಟು. ಎಷ್ಟು ಮನೆಯವರು ಸಂಪರ್ಕ ಪಡೆಯುತ್ತಾರೆಂಬ ಅಂದಾಜಿನ ಅಂಕಿ ಗುದ್ದಲಿ ಎತ್ತುವ ಮೊದಲೇ ಖಚಿತವಾಗಿ ಕೈಗೆ ಬರುತ್ತದೆ. ಯಾವ ಬಡಾವಣೆಯನ್ನು ಬಿಟ್ಟಿರಿ ಎಂದು ಯಾರೂ ಕೇಳುವಂತಿಲ್ಲ, ಆಯ್ದುಕೊಂಡವರು ನಿವಾಸಿಗಳೇ. ಗುರಿ ಮುಟ್ಟಿದ ತುಂಡು ನಕ್ಷೆಯಲ್ಲಿ ಹಸಿರಾಗುತ್ತಿತ್ತು, ಉಳಿದವು ಹಳದಿ. ಆಗಸ್ಟ್ ತಿಂಗಳಲ್ಲಿ ಆ ನಕ್ಷೆ ನೋಡಿದ ಕಾನ್ಸಸ್ ಸಿಟಿಯ ಜನರಿಗೆ ಅದರ ನಡುವಿನ ಗೆರೆ ಗುರುತು ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಶ್ಚಿಮಕ್ಕೆ ಹಸಿರು, ಪೂರ್ವಕ್ಕೆ ಹಳದಿ, ನಡುವೆ ಉತ್ತರ ದಕ್ಷಿಣವಾಗಿ ಹಾದುಹೋಗುವ ಟ್ರೂಸ್ಟ್ ಅವೆನ್ಯೂ.

ಟ್ರೂಸ್ಟ್ ಅವೆನ್ಯೂ ಮಿಸ್ಸೂರಿಯ ಕಾನ್ಸಸ್ ಸಿಟಿಯಲ್ಲಿ ಬಿಳಿಯರ ಮತ್ತು ಕಪ್ಪುಜನರ ವಸತಿಗಳ ನಡುವಿನ ಗಡಿ. ಇದು ತಾನಾಗಿ ಹುಟ್ಟಿದ್ದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಊರಿನ ದೊಡ್ಡ ಬಿಲ್ಡರ್ ಜೆ. ಸಿ. ನಿಕೋಲ್ಸ್ ಪಶ್ಚಿಮ ಬದಿಯಲ್ಲಿ ತಾನು ಕಟ್ಟಿದ ಬಡಾವಣೆಗಳ ಕ್ರಯಪತ್ರದಲ್ಲೇ ಕಪ್ಪುಜನರಿಗೆ ಮನೆ ಮಾರಬಾರದೆಂಬ ಷರತ್ತು ಬರೆಸುತ್ತಿದ್ದ. ಮಾಲೀಕರೇ ಸೇರಿ ತೆಗೆದುಹಾಕದ ಹೊರತು ಆ ಷರತ್ತು ತನ್ನಷ್ಟಕ್ಕೇ ನವೀಕರಣವಾಗುತ್ತಿತ್ತು. 1930ರ ದಶಕದಲ್ಲಿ ಫೆಡರಲ್ ಸರ್ಕಾರದ ಮನೆಸಾಲ ನಿಗಮ ದೇಶದ ನಗರಗಳ ನಕ್ಷೆ ಮಾಡಿ ಬಡಾವಣೆಗಳನ್ನು ನಾಲ್ಕು ದರ್ಜೆಯಾಗಿ ಬಣ್ಣ ಹಚ್ಚಿತು; ಕಪ್ಪುಜನರಿದ್ದ ಬಡಾವಣೆಗಳಿಗೆ ಸಾಮಾನ್ಯವಾಗಿ ಬಂದದ್ದು ಕಡೆಯ ದರ್ಜೆ, ಕೆಂಪು ಬಣ್ಣ. ಇಂಥ ಕಡೆಗಳಲ್ಲಿ ಮನೆಗೆ ಸಾಲ ಸಿಗುವುದು ದುಸ್ತರವಾಯಿತು. ವರ್ಣದ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲವೆಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1955ರಲ್ಲಿ ಶಾಲೆಗಳ ವರ್ಣಭೇದ ನಿಂತಾಗ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂಬ ಗಡಿಯನ್ನು ಶಾಲಾ ಮಂಡಳಿ ಟ್ರೂಸ್ಟ್ ಗುಂಟ ಎಳೆಯಿತು. 1968ರ ನ್ಯಾಯಯುತ ವಸತಿ ಕಾಯ್ದೆ ಬರುವ ಹೊತ್ತಿಗೆ ಗಡಿ ಗಟ್ಟಿಯಾಗಿಬಿಟ್ಟಿತ್ತು.

ಗೂಗಲ್ ಇದ್ಯಾವುದನ್ನೂ ನೋಡಿ ನಕ್ಷೆ ಮಾಡಿರಲಿಲ್ಲ. ನಿಯಮ ಎಲ್ಲರಿಗೂ ಒಂದೇ. ಆದರೆ ಹೆಸರು ಬರೆಸಲು ಗೂಗಲ್ ಖಾತೆ ಬೇಕು, ಬ್ಯಾಂಕಿನ ಕಾರ್ಡ್ ಬೇಕು, ಎಲ್ಲಕ್ಕಿಂತ ಮೊದಲು ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಇಲ್ಲದ ಮನೆಗೆ ಇಂಟರ್‌ನೆಟ್ ಬೇಕೆಂಬ ಅರ್ಜಿಯನ್ನು ಇಂಟರ್‌ನೆಟ್ಟಿನಲ್ಲೇ ಹಾಕಬೇಕಾದ ಸ್ಥಿತಿ. ಆ ವರ್ಷ ಗೂಗಲ್ ಮಾಡಿಸಿದ ಸಮೀಕ್ಷೆಯ ಪ್ರಕಾರ ಊರಿನ ಶೇ. 17 ಮಂದಿ ಇಂಟರ್‌ನೆಟ್ ಬಳಸುತ್ತಲೇ ಇರಲಿಲ್ಲ. ಅದು ತಮಗೆ ಯಾತಕ್ಕೆ ಎಂಬುದೇ ಅವರಲ್ಲಿ ಅನೇಕರ ಉತ್ತರ. ಪೂರ್ವದ ಬಡಾವಣೆಗಳಲ್ಲಿ ಬಾಡಿಗೆದಾರರು ಹೆಚ್ಚು. ಒಂದೆರಡು ವರ್ಷದಲ್ಲಿ ಮನೆ ಖಾಲಿ ಮಾಡುವವನು ಏಳು ವರ್ಷದ ಉಚಿತ ಸೇವೆಗೆ 300 ಡಾಲರ್ ಏಕೆ ಕೊಡಬೇಕು? ಅಪಾರ್ಟ್‌ಮೆಂಟಿನವರಾದರೆ ಕಟ್ಟಡದ ಮಾಲೀಕನೇ ಒಪ್ಪಬೇಕು.

ಹಳದಿ ನಕ್ಷೆ ಪತ್ರಿಕೆಗಳಲ್ಲಿ ಬಂದ ಮೇಲೆ ಊರಿನಲ್ಲಿ ಓಡಾಟ ಶುರುವಾಯಿತು. ಚರ್ಚುಗಳು, ಶಾಲೆಗಳು, ಗ್ರಂಥಾಲಯದ ಸಿಬ್ಬಂದಿ, ಸ್ವಯಂಸೇವಕರು ಟ್ರೂಸ್ಟ್‌ನ ಪೂರ್ವಕ್ಕೆ ಮನೆಮನೆ ಹತ್ತಿಳಿದರು. ಹತ್ತು ಡಾಲರ್ ಕೊಡಲಾಗದವರ ಪರವಾಗಿ ಕಟ್ಟಲು ಚಂದಾ ಎತ್ತಿದರು. ಗೂಗಲ್‌ನವರೂ ಐಸ್‌ಕ್ರೀಮ್ ವ್ಯಾನ್ ತಂದು ಬೀದಿಯಲ್ಲಿ ನಿಲ್ಲಿಸಿಕೊಂಡು ಜನರಿಗೆ ವಿವರಿಸಿದರು. ಕೊನೆಯ ದಿನಗಳಲ್ಲಿ ಒಂದೊಂದಾಗಿ ತುಂಡುಗಳು ಹಸಿರಾದವು. ಗಡುವು ಮುಗಿದಾಗ 202ರಲ್ಲಿ 180 ಬಡಾವಣೆಗಳು ಗುರಿ ಮುಟ್ಟಿದ್ದವು. ಉಳಿದವುಗಳಲ್ಲಿ ಬಹುಪಾಲು ಬಡವರ ಪ್ರದೇಶ. ಕಾಮಗಾರಿ ಮೊದಲು ಶುರುವಾದದ್ದು ಕಾನ್ಸಸ್ ಬದಿಯ ಹ್ಯಾನೋವರ್ ಹೈಟ್ಸ್‌ನಲ್ಲಿ; 2012ರ ನವೆಂಬರ್‌ನಲ್ಲಿ ಅಲ್ಲಿನ ಮನೆಗಳಿಗೆ ಸಂಪರ್ಕ ಸಿಕ್ಕಿತು.

ತಂತಿ ಬೀದಿಗೆ ಬಂದದ್ದರಿಂದಲೇ ಮನೆಯೊಳಗೆ ಬಂದಂತಾಗಲಿಲ್ಲ. 2014ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಮಾಡಿಸಿದ ಸಮೀಕ್ಷೆಯಲ್ಲಿ ಕಾನ್ಸಸ್ ಸಿಟಿಯ ಬಡ ಬಡಾವಣೆಗಳಲ್ಲಿ ಹತ್ತರಲ್ಲಿ ಒಂದು ಮನೆ ಮಾತ್ರ ಹಣ ಕೊಟ್ಟು ಗೂಗಲ್ ಫೈಬರ್ ಪಡೆದಿತ್ತು, ಅನುಕೂಲಸ್ಥರ ಬಡಾವಣೆಗಳಲ್ಲಿ ಹತ್ತರಲ್ಲಿ ನಾಲ್ಕು. ಮುಂಗಡದ ಹತ್ತು ಡಾಲರನ್ನು ದಾನಿಗಳು ಕಟ್ಟಬಹುದು, ತಿಂಗಳ ಎಪ್ಪತ್ತನ್ನು ಕಟ್ಟುವವರಾರು? 2016ರ ಫೆಬ್ರವರಿಯಲ್ಲಿ ವೆಸ್ಟ್ ಬ್ಲಫ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಮನೆಗಳಿಗೆ ಗೂಗಲ್ ಗಿಗಾಬಿಟ್ ಸಂಪರ್ಕವನ್ನೇ ಉಚಿತವಾಗಿ ಕೊಟ್ಟಿತು. ಅದೇ ವರ್ಷ ಊರಿನ ಉಳಿದ ಕಡೆ ಹೊಸಬರಿಗೆ ಉಚಿತ ಆಯ್ಕೆ ನಿಂತಿತು.

ಕಾನ್ಸಸ್ ಸಿಟಿಯ ಪದ್ಧತಿ ಉಳಿದ ಕಂಪನಿಗಳಿಗೂ ಹಿಡಿಸಿತು. ಬೇಡಿಕೆ ಎಲ್ಲಿದೆಯೋ ಅಲ್ಲಿ ಮಾತ್ರ ಕಟ್ಟುತ್ತೇವೆ ಎಂದು ಬಾಯಿಬಿಟ್ಟು ಹೇಳುವುದು ಅಲ್ಲಿಂದ ಮುಂದೆ ಮುಜುಗರದ ವಿಷಯವಾಗಿ ಉಳಿಯಲಿಲ್ಲ. ಎಟಿ ಅಂಡ್ ಟಿ ಗಿಗಾಬಿಟ್ ಸೇವೆಯನ್ನು ಗೂಗಲ್ ಇದ್ದ ಕಾನ್ಸಸ್ ಸಿಟಿಯಲ್ಲಿ 70 ಡಾಲರಿಗೆ, ಗೂಗಲ್ ಇಲ್ಲದ ಕ್ಯುಪರ್ಟಿನೋದಲ್ಲಿ 110 ಡಾಲರಿಗೆ ಮಾರಿತು. ಕ್ಯುಪರ್ಟಿನೋ ಆ್ಯಪಲ್ ಕಂಪನಿಯ ಊರು. ಎದುರಾಳಿ ಇಲ್ಲದಿದ್ದರೆ ಸಿರಿವಂತ ಊರಿಗೂ ರಿಯಾಯಿತಿ ಇರುವುದಿಲ್ಲ. ಗೂಗಲ್ 2016ರ ಅಕ್ಟೋಬರ್‌ನಲ್ಲಿ ಹೊಸ ನಗರಗಳ ಯೋಜನೆಗಳನ್ನು ತಡೆಹಿಡಿಯಿತು. ಖರ್ಚು ಇಳಿಸಲು ಕೆಂಟಕಿಯ ಲೂಯಿವಿಲ್‌ನಲ್ಲಿ ರಸ್ತೆಯ ಡಾಂಬರಿನಲ್ಲಿ ಎರಡೇ ಅಂಗುಲ ಆಳದ ಸೀಳು ಕೊರೆದು, ತಂತಿಯಿಟ್ಟು, ಮೇಲೆ ಅಂಟು ಸುರಿದು ಮುಚ್ಚಿತು. ಅಂಟು ಕಿತ್ತು ತಂತಿ ರಸ್ತೆಯ ಮೇಲೆ ಎದ್ದು ಬಂತು. ಆರಂಭಕ್ಕೆ ಆಯ್ದುಕೊಂಡ ಪ್ರದೇಶಗಳಲ್ಲಿ ಪೋರ್ಟ್‌ಲ್ಯಾಂಡ್, ನ್ಯೂಬರ್ಗ್‌ನಂಥ ಕಡಿಮೆ ವರಮಾನದ ಬಡಾವಣೆಗಳೂ ಇದ್ದವೆಂಬುದು ಇಲ್ಲಿ ಹೇಳಬೇಕಾದ ಮಾತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಆ ಊರನ್ನೇ ಬಿಟ್ಟಿತು, ರಸ್ತೆ ಸರಿಪಡಿಸಲು ನಗರಕ್ಕೆ 38.4 ಲಕ್ಷ ಡಾಲರ್ ಕೊಡಲು ಒಪ್ಪಿತು.

ಇದೇ ವರ್ಷಗಳಲ್ಲಿ ಬಡಾವಣೆ ಆಯ್ಕೆಯ ಪ್ರಶ್ನೆಯೇ ಏಳದ ಊರೆಂದರೆ ಟೆನೆಸೀಯ ಚಟ್ಟನೂಗ. ಅಲ್ಲಿನ ವಿದ್ಯುತ್ ಸಂಸ್ಥೆ ಇಪಿಬಿ ನಗರದ ಒಡೆತನದ್ದು. ತನ್ನ ವಿದ್ಯುತ್ ಜಾಲವನ್ನು ಆಧುನಿಕಗೊಳಿಸಲು ಅದಕ್ಕೆ ಫೈಬರ್ ಬೇಕಿತ್ತು, ಫೆಡರಲ್ ಸರ್ಕಾರದಿಂದ 11.15 ಕೋಟಿ ಡಾಲರ್ ನೆರವೂ ಸಿಕ್ಕಿತು. ವಿದ್ಯುತ್ ಮೀಟರ್ ಇರುವ ಪ್ರತಿ ಮನೆಗೂ ತಂತಿ ಹೋಗಲೇಬೇಕಾದ್ದರಿಂದ ಸುಮಾರು 600 ಚದರ ಮೈಲಿಯ 1,70,000 ಮನೆ ಅಂಗಡಿಗಳಿಗೆ 2010ರಲ್ಲೇ ಗಿಗಾಬಿಟ್ ಸೇವೆ ತೆರೆಯಿತು. ಪಕ್ಕದ ಹಳ್ಳಿಗಳು ತಮಗೂ ಕೊಡಿ ಎಂದವು, ಸಂಸ್ಥೆಯೂ ಸಿದ್ಧವಿತ್ತು. ವಿದ್ಯುತ್ ಸೇವೆಯ ಗಡಿ ದಾಟಿ ಇಂಟರ್‌ನೆಟ್ ಕೊಡಬಾರದೆಂಬ ರಾಜ್ಯದ ಕಾನೂನು ಅಡ್ಡಬಂತು. 2015ರಲ್ಲಿ ಎಫ್‌ಸಿಸಿ ಆ ಕಾನೂನನ್ನು ಬದಿಗೊತ್ತಲು ನೋಡಿತು, 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆಯೋಗಕ್ಕೆ ಆ ಅಧಿಕಾರವಿಲ್ಲ ಎಂದಿತು.

ಆಯ್ಕೆಯಾಗದ ಬಡಾವಣೆಗಳು ಎಲ್ಲೆಲ್ಲಿವೆ ಎಂಬುದು ಸ್ಪಷ್ಟವಾಗಿ ಕಂಡದ್ದು ಕ್ಲೀವ್‌ಲ್ಯಾಂಡಿನಲ್ಲಿ, ಅದೂ ಆಕಸ್ಮಿಕವಾಗಿ. 2015ರಲ್ಲಿ ಟಿವಿ ಕಂಪನಿ ಡೈರೆಕ್‌ಟಿವಿಯನ್ನು ಕೊಳ್ಳಲು ಅನುಮತಿ ಪಡೆಯುವಾಗ ಎಟಿ ಅಂಡ್ ಟಿ ಬಡ ಕುಟುಂಬಗಳಿಗೆ ತಿಂಗಳಿಗೆ 5ರಿಂದ 10 ಡಾಲರಿಗೆ ಇಂಟರ್‌ನೆಟ್ ಕೊಡಲು ಒಪ್ಪಿತ್ತು. ಅಲ್ಲಿನ ಸೇವಾಸಂಸ್ಥೆಯವರು ಜನರನ್ನು ಈ ಯೋಜನೆಗೆ ಸೇರಿಸಲು ಹೊರಟರೆ ಒಂದರ ಹಿಂದೊಂದು ಅರ್ಜಿ ತಿರಸ್ಕಾರವಾಗತೊಡಗಿತು. ಯೋಜನೆಗೆ ಬೇಕಾದ ಕನಿಷ್ಠ ವೇಗವನ್ನು ಆ ಮನೆಗಳ ತಾಮ್ರದ ತಂತಿ ಕೊಡಲಾರದಾಗಿತ್ತು. ಯಾವ ಬಡಾವಣೆಗಳಲ್ಲಿ ಹೀಗೆ ಎಂದು ಕಂಪನಿಯೇ ಎಫ್‌ಸಿಸಿಗೆ ಕೊಟ್ಟ ಅಂಕಿಗಳನ್ನು ನಕ್ಷೆಗೆ ಇಳಿಸಿ ನೋಡಿದಾಗ, 2017ರ ಮಾರ್ಚ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬಡತನ ಶೇ. 35ಕ್ಕಿಂತ ಹೆಚ್ಚಿದ್ದ ಕಡೆಗಳಲ್ಲಿ ಬಹುಪಾಲು ಲೈಟ್‌ಸ್ಪೀಡ್ ಬಗೆಯ ಹೊಸ ಫೈಬರ್ ಪೆಟ್ಟಿಗೆಗಳಿಂದ ಹೊರಗುಳಿದಿದ್ದವು. ಕಂಪನಿ ಭೇದ ಮಾಡಿದ್ದನ್ನು ಅಲ್ಲಗಳೆಯಿತು. ರಿಯಾಯಿತಿ ಯೋಜನೆಯ ಕನಿಷ್ಠ ವೇಗದ ಷರತ್ತನ್ನು ಮಾತ್ರ ಅಷ್ಟರಲ್ಲಾಗಲೇ ಸಡಿಲಿಸಿತ್ತು.

2021ರ ನವೆಂಬರ್ 15ರಂದು ಸಹಿಯಾದ ಮೂಲಸೌಕರ್ಯ ಕಾಯ್ದೆ ಬ್ರಾಡ್‌ಬ್ಯಾಂಡ್ ಜಾಲಗಳ ವಿಸ್ತರಣೆಗೆ 4,245 ಕೋಟಿ ಡಾಲರ್ ತೆಗೆದಿಟ್ಟಿತು. ಜೊತೆಗೆ ವರಮಾನ, ಜನಾಂಗ, ಬಣ್ಣ, ಧರ್ಮ, ಮೂಲದೇಶಗಳ ಮೇಲೆ ಸೇವೆಯಲ್ಲಿ ಭೇದವಾಗದಂತೆ ನಿಯಮ ರೂಪಿಸಲು ಎಫ್‌ಸಿಸಿಗೆ ಹೇಳಿತು. 1984ರ ಕೇಬಲ್ ಕಾಯ್ದೆಯಲ್ಲಿದ್ದು 1996ರಲ್ಲಿ ಕಾಣದ ವರಮಾನ ಎಂಬ ಪದ ಹೀಗೆ ಇಂಟರ್‌ನೆಟ್ಟಿನ ಕಾನೂನಿಗೂ ಬಂತು. ಎರಡು ವರ್ಷದ ಬಳಿಕ, 2023ರ ನವೆಂಬರ್ 15ರಂದು, ಆಯೋಗ ಮೂರಕ್ಕೆ ಎರಡು ಮತಗಳಿಂದ ನಿಯಮ ಅಂಗೀಕರಿಸಿತು. ಭೇದ ಮಾಡುವ ಉದ್ದೇಶ ಇದ್ದರೂ ತಪ್ಪು, ಉದ್ದೇಶವಿಲ್ಲದೆ ಪರಿಣಾಮ ಹಾಗಾದರೂ ತಪ್ಪು ಎಂಬುದು ಅದರ ತಿರುಳು. ಕಾನ್ಸಸ್ ಸಿಟಿಯ ನಕ್ಷೆಯಂಥದ್ದು, ಯಾರ ದುರುದ್ದೇಶವೂ ಇಲ್ಲದೆ ಮೂಡುವಂಥದ್ದು, ಎರಡನೆಯ ಬಗೆಗೆ ಸೇರುತ್ತದೆ. ತಾಂತ್ರಿಕವಾಗಿ ಅಥವಾ ಆರ್ಥಿಕವಾಗಿ ಸಾಧ್ಯವಿರಲಿಲ್ಲ ಎಂದು ತೋರಿಸಿದ ಕಂಪನಿಗೆ ಆ ನಿಯಮದಲ್ಲಿ ವಿನಾಯಿತಿ ಇತ್ತು. ಆ ಸಾಧ್ಯತೆಯನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಉದ್ದೇಶವನ್ನು ಬಿಟ್ಟು ಪರಿಣಾಮವನ್ನು ಅಳೆಯುವ ಅಧಿಕಾರ ಆಯೋಗಕ್ಕಿಲ್ಲ ಎಂದು ವಾದಿಸಿ ಉದ್ಯಮದ ಸಂಘಟನೆಗಳು ನಿಯಮವನ್ನು ಮೇಲ್ಮನವಿ ನ್ಯಾಯಾಲಯದಲ್ಲಿ ಪ್ರಶ್ನಿಸಿದವು.